ಗಾಳಿಯಾಡದ ಜಾಗದ ವಿಷ

ಬಾದಾಮಿ ಹತ್ತಿರದ ಬನಶಂಕರಿ ಗುಡಿಯಲ್ಲಿ ದರ್ಶನ ಮುಗಿಸಿ ಹೊರಬಂದವರನ್ನು ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಸುತ್ತುವರಿಯುತ್ತಾರೆ. “ಅಣ್ಣಾರ, ರೊಟ್ಟಿ ತಗೋರಿ, ಗಡಿಗಿ ಮೊಸರು ಐತ್ರಿ” ಎಂಬ ಕರೆ ಹೊಂಡದ ದಂಡೆಯವರೆಗೂ ಹಿಂದೆ ಬರುತ್ತದೆ. ಬುಟ್ಟಿಯ ಮೇಲಿನ ಅರಿವೆ ಸರಿಸಿದರೆ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಅಂದು ಬೆಳಿಗ್ಗೆ ಮಾಡಿದ ಕಾಳುಪಲ್ಯ. ರೊಟ್ಟಿಯಲ್ಲಿ ನೀರಿನ ಪಸೆ ಇಲ್ಲ. ಹಿಂಡಿ ಹುರಿದು ಕುಟ್ಟಿದ್ದು, ಅದೂ ಒಣ. ಖಾರಕ್ಕೆ ಉಪ್ಪು ಮತ್ತು ಲಿಂಬಿಹುಳಿ ಸಾಕಷ್ಟು ಬಿದ್ದಿದೆ. ಮೊಸರು ತಾನೇ ಹುಳಿ. ಹಸಿಯಾಗಿರುವುದು ಪಲ್ಯವೊಂದೇ, ಅದು ಸಂಜೆಯೊಳಗೆ ಖಾಲಿಯಾಗುತ್ತದೆ.

ಬಾಟುಲಿಸಂ ಎಂಬ ಕಾಯಿಲೆ ಈ ಸೀಮೆಯ ಊಟದಲ್ಲಿ ಯಾಕೆ ಮನೆಮಾತಾಗಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಈ ಬುಟ್ಟಿಯಲ್ಲೇ ಇದೆ. ಉಳಿದರ್ಧ ಅಷ್ಟು ಸಮಾಧಾನ ಕೊಡುವಂಥದ್ದಲ್ಲ. ಈ ಕಾಯಿಲೆ ಬಂದರೂ ಅದನ್ನು ಗುರುತಿಸುವುದು ಕಷ್ಟ, ಬೇರೆ ನಾಲ್ಕು ಕಾಯಿಲೆಗಳ ಹೆಸರಿನಲ್ಲಿ ಅದು ದಾಟಿ ಹೋಗಬಲ್ಲದು.

ಈ ಕಾಯಿಲೆ ತರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಜೀವಿ ಮಣ್ಣಿನದು. ಹುನಗುಂದದ ಎರಿ ಹೊಲವಾಗಲಿ, ಬಾದಾಮಿಯ ಮಸಾರಿ ನೆಲವಾಗಲಿ, ಯಾವ ಮಣ್ಣಿನಲ್ಲಾದರೂ ಅದರ ಬೀಜಾಣು ಇರಬಹುದು. ಧೂಳಿನಲ್ಲಿ, ತರಕಾರಿಯ ಮೈಮೇಲೆ, ಕೆರೆಯ ಕೆಸರಿನಲ್ಲಿ ವರ್ಷಗಟ್ಟಲೆ ನಿದ್ದೆ ಹೊಡೆದು ಬಿದ್ದಿರುತ್ತದೆ. ದೊಡ್ಡವರು ಆ ಬೀಜಾಣುವನ್ನು ನುಂಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗಾಳಿ ತಾಗದ, ಹುಳಿ ಇಲ್ಲದ, ಉಪ್ಪು ಕಡಿಮೆ ಇರುವ, ಪಸೆ ಮತ್ತು ಬೆಚ್ಚಗಿನ ಹವೆ ಎರಡೂ ಸಿಕ್ಕ ಜಾಗದಲ್ಲಿ ಮಾತ್ರ ಅದು ಎಚ್ಚರಗೊಳ್ಳುತ್ತದೆ, ಬೆಳೆಯುತ್ತದೆ, ವಿಷ ಕಾರುತ್ತದೆ. ಆಮ್ಲೀಯತೆಯ ಅಳತೆ 4.6ಕ್ಕಿಂತ ಕೆಳಗಿಳಿದರೆ, ಅಂದರೆ ಪದಾರ್ಥ ಚೆನ್ನಾಗಿ ಹುಳಿಯಾಗಿದ್ದರೆ, ಅದರ ಆಟ ನಡೆಯದು. ಉಪ್ಪು ನೂರಕ್ಕೆ ಹತ್ತರಷ್ಟಿದ್ದರೂ ನಡೆಯದು. ಅಮೀನಗಡದ ಕರದಂಟು ವಾರಗಟ್ಟಲೆ ಕೆಡದೆ ಉಳಿಯುವುದೂ ಇದೇ ಲೆಕ್ಕದಲ್ಲಿ: ಬೆಲ್ಲದ ಗಟ್ಟಿ ಪಾಕ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ಸೂಕ್ಷ್ಮಜೀವಿಗೆ ಕುಡಿಯಲು ಹನಿಯೂ ಸಿಗುವುದಿಲ್ಲ. ಸಂಡಿಗೆ, ಹಪ್ಪಳ, ಬಿಸಿಲಿಗೆ ಒಣಗಿಸಿದ ಮಜ್ಜಿಗೆ ಮೆಣಸಿನಕಾಯಿ, ಉಪ್ಪಿನಕಾಯಿ ಎಲ್ಲವೂ ಈ ಬೇಲಿಯ ಒಳಗಿನವೇ. ಬಾಗಲಕೋಟೆಯ ಬಿಸಿಲೇ ಇಲ್ಲಿನ ಹೆಣ್ಣುಮಕ್ಕಳಿಗೆ ಆಹಾರ ಸಂರಕ್ಷಣೆಯ ಮೊದಲ ಪಾಠ ಹೇಳಿಕೊಟ್ಟಿದೆ.

ವಿಷದ ಶಕ್ತಿಯ ವಿಷಯ ಹೇಳುವಾಗ ಯಾವ ಉತ್ಪ್ರೇಕ್ಷೆಯೂ ಬೇಕಿಲ್ಲ. ಮನುಷ್ಯನಿಗೆ ಗೊತ್ತಿರುವ ವಿಷಗಳಲ್ಲೆಲ್ಲ ಇದು ಅತ್ಯಂತ ಪ್ರಬಲ. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಊಟ ಹಳಸಿದ ವಾಸನೆ ಬಂದೇ ಬರಬೇಕೆಂಬ ನಿಯಮವೂ ಇಲ್ಲ. ಇಲ್ಲಿ ಒಂದು ವಿಚಿತ್ರವಿದೆ, ಅಡುಗೆ ಮಾಡುವವರೆಲ್ಲ ಅದನ್ನು ತಿಳಿದಿರಬೇಕು. ವಿಷ ಬಿಸಿಗೆ ಹೆದರುತ್ತದೆ. 85 ಡಿಗ್ರಿಗೆ ಮೀರಿದ ಬಿಸಿಯಲ್ಲಿ ಐದು ನಿಮಿಷವಿಟ್ಟರೆ ನಾಶವಾಗುತ್ತದೆ. ಬೀಜಾಣು ಹೆದರುವುದಿಲ್ಲ. ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟರೂ ಅದು ಬದುಕಬಲ್ಲದು, ಅದನ್ನು ಕೊಲ್ಲಲು 121 ಡಿಗ್ರಿಯ ಒತ್ತಡದ ಹಬೆ ಬೇಕು. ಹೀಗಾಗಿ ಕುದಿಸಿ, ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ ಹೊರಗಿಟ್ಟ ಹುಳಿಯಿಲ್ಲದ ಪದಾರ್ಥ ಸುರಕ್ಷಿತವಾಗಿ ಕಂಡರೂ ಒಳಗೆ ಉಳಿದ ಬೀಜಾಣುವಿಗೆ ಗಾಳಿಯಿಲ್ಲದ ಮನೆಯನ್ನು ಕಟ್ಟಿಕೊಟ್ಟಂತೆ ಆಗಿರುತ್ತದೆ. ಅದರ ಜೊತೆ ಪೈಪೋಟಿ ಮಾಡುವ ಬೇರೆ ಜೀವಿಗಳೆಲ್ಲ ಕುದಿತದಲ್ಲಿ ಸತ್ತಿರುತ್ತವೆ.

ಭಾರತದಲ್ಲಿ ದಾಖಲಾದ, ಹೆಚ್ಚು ಚರ್ಚೆಯಾದ ಪ್ರಕರಣ ಗುಜರಾತಿನದು. 1996ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಒಂದು ವಸತಿ ಶಾಲೆಯ 34 ವಿದ್ಯಾರ್ಥಿಗಳು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು, ಮೂವರು ತೀರಿಕೊಂಡರು. ಅವರು ಉಂಡದ್ದು ನಮ್ಮೂರ ಮಕ್ಕಳಿಗೂ ಪರಿಚಿತವಾದ ಊಟವೇ. ಅದರಲ್ಲಿ ಕಡಲೆಹಿಟ್ಟಿನ ಸೇವು ಇತ್ತು. ಬಾಗಲಕೋಟೆಯಲ್ಲಿ ಚುರುಮುರಿಯ ಮೇಲೆ ಉದುರಿಸಿಕೊಳ್ಳುವ ಅದೇ ಸೇವು. ಉಳಿದ ಸೇವನ್ನು ಪರೀಕ್ಷೆಗೆ ಒಳಪಡಿಸಿದ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರಿಗೆ ಅದರಲ್ಲಿ ಬಾಟುಲಿನಂ ಸಿಗಲಿಲ್ಲ. ಸಿಕ್ಕಿದ್ದು ಅದರ ದಾಯಾದಿ ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ, ಅದೂ ಬಾಟುಲಿಸಂನ ‘ಇ’ ಬಗೆಯ ವಿಷವನ್ನು ತಯಾರಿಸಬಲ್ಲ ತಳಿ. ಪ್ರಕರಣವನ್ನು ಅವರು ‘ಶಂಕಿತ’ ಎಂದೇ ದಾಖಲಿಸಿದರು, ವಿಜ್ಞಾನದ ಪತ್ರಿಕೆಯಲ್ಲಿ 1998ರಲ್ಲಿ ಪ್ರಕಟಿಸಿದರು. ಒಣ ತಿನಿಸು ಎಂದು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ ಎಂಬುದು ಇದರಿಂದ ತಿಳಿಯಿತು. ಅದಕ್ಕಿಂತ ದೊಡ್ಡ ಸಂಗತಿ ಬೇರೆಯದು. ಯಾರೋ ಆ ಉಳಿದ ಸೇವನ್ನು ಚೆಲ್ಲದೆ ಇಟ್ಟಿದ್ದರಿಂದ, ಯಾರೋ ಅದನ್ನು ಸರಿಯಾದ ಪ್ರಯೋಗಾಲಯಕ್ಕೆ ಮುಟ್ಟಿಸಿದ್ದರಿಂದ ಇಷ್ಟಾದರೂ ತಿಳಿಯಿತು.

ಸಂಖ್ಯೆಗಳಲ್ಲಿ ಒಂದು ಕಾಕತಾಳೀಯವಿದೆ. ಬಾಟುಲಿನಂ ಜೀವಿಯನ್ನು ಮೊದಲ ಬಾರಿಗೆ ಹಿಡಿದ ಪ್ರಕರಣದಲ್ಲಿ ಉಂಡವರು 34 ಮಂದಿ, ಸತ್ತವರು ಅಲ್ಲೂ ಮೂವರು. 1895ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ ಬ್ಯಾಂಡಿನವರು ಹಂದಿತೊಡೆಯ ಮಾಂಸದ ಊಟ ಮಾಡಿದರು. ಆ ಮಾಂಸ ಉಪ್ಪುನೀರಿನ ಪೀಪಾಯಿಯ ತಳದಲ್ಲಿ ಮುಳುಗಿ ಕುಳಿತಿದ್ದುದು. ಗೆಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಿಂದಲೂ ಸತ್ತವರೊಬ್ಬರ ದೇಹದಿಂದಲೂ ಒಂದೇ ಜೀವಿಯನ್ನು ಬೇರ್ಪಡಿಸಿದರು. ಕಾಯಿಲೆಯ ಲಕ್ಷಣಗಳನ್ನು ಅವರಿಗಿಂತ ಎಷ್ಟೋ ಮೊದಲೇ, 1820ರ ಸುಮಾರಿಗೆ, ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ ಕರಾರುವಾಕ್ಕಾಗಿ ಬರೆದಿಟ್ಟಿದ್ದರು. ಕೆಟ್ಟ ಸಾಸೇಜಿನ ಸಾರವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡ ಮನುಷ್ಯ ಅವರು. ಹಿಡಿತ ತಪ್ಪಿ ಕುಣಿಯುವ ನರಗಳನ್ನು ಶಾಂತಗೊಳಿಸಲು ಇದೇ ವಿಷವನ್ನು ಸೂಕ್ಷ್ಮ ಪ್ರಮಾಣದಲ್ಲಿ ಬಳಸಬಹುದೆಂದು ಊಹಿಸಿದವರೂ ಅವರೇ.

ವಿಷ ಮಾಡುವ ಕೆಲಸವನ್ನು ಇಲಕಲ್ಲಿನವರಿಗೆ ಸೀರೆಯ ಮೂಲಕವೇ ಹೇಳಬಹುದು. ಇಲಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ನರ ಮತ್ತು ಸ್ನಾಯು ಸೇರುವ ಜಾಗವೂ ಹಾಗೆಯೇ. ನರದ ತುದಿ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟರೆ ಮಾತ್ರ ಸ್ನಾಯು ಮಿಡಿಯುತ್ತದೆ. ಬಾಟುಲಿನಂ ವಿಷ ನರದ ತುದಿಯೊಳಗೆ ಹೊಕ್ಕು ಆ ಬಿಡುಗಡೆಗೆ ಬೇಕಾದ ಪ್ರೋಟೀನನ್ನು ಕತ್ತರಿಸುತ್ತದೆ. ನರಕ್ಕೆ ಏನೂ ಆಗಿಲ್ಲ, ಸ್ನಾಯುವಿಗೂ ಏನೂ ಆಗಿಲ್ಲ, ಕೊಂಡಿ ಮಾತ್ರ ಕಳಚಿದೆ. ನರ ಹೊಸ ತುದಿ ಚಿಗುರಿಸಿಕೊಳ್ಳುವವರೆಗೆ, ಅಂದರೆ ವಾರಗಳು, ಎಷ್ಟೋ ಸಲ ತಿಂಗಳುಗಳವರೆಗೆ, ಆ ಸ್ನಾಯು ಏಳುವುದಿಲ್ಲ.

ಉಂಡ 12ರಿಂದ 36 ಗಂಟೆಯೊಳಗೆ ಸಾಮಾನ್ಯವಾಗಿ ಲಕ್ಷಣಗಳು ಶುರುವಾಗುತ್ತವೆ; ಕೆಲವರಲ್ಲಿ ಬೇಗ, ಕೆಲವರಲ್ಲಿ ವಾರ ತಡೆದು. ಮೊದಲು ಕಣ್ಣು ಮಂಜಾಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ರೆಪ್ಪೆ ಜೋತು ಬೀಳುತ್ತದೆ. ಬಾಯಿ ಒಣಗುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ. ನಿತ್ರಾಣ ತಲೆಯಿಂದ ಕೆಳಕ್ಕೆ ಇಳಿಯುತ್ತದೆ: ಕುತ್ತಿಗೆ, ತೋಳು, ಎದೆ, ಕಾಲು. ಜ್ವರ ಇರುವುದಿಲ್ಲ. ರೋಗಿಗೆ ಪೂರ್ತಿ ಎಚ್ಚರವಿರುತ್ತದೆ, ಸುತ್ತಲಿನವರ ಮಾತು ಕೇಳುತ್ತದೆ, ಮುಟ್ಟಿದ್ದು ತಿಳಿಯುತ್ತದೆ, ಉತ್ತರ ಕೊಡಲು ಮಾತ್ರ ಆಗದು. ಉಸಿರಾಟದ ಸ್ನಾಯು ಸೋತಾಗ ಜೀವಕ್ಕೆ ಕುತ್ತು.

ಈ ಲಕ್ಷಣಗಳನ್ನು ಓದಿದ ಹುನಗುಂದದ ಯಾವ ವೈದ್ಯರಿಗಾದರೂ ಮೊದಲು ನೆನಪಾಗುವುದು ಹಾವು. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದು ನೋಯುವುದಿಲ್ಲ, ಗಾಯ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ಜೋತ ರೆಪ್ಪೆ, ಆಮೇಲೆ ಉಸಿರು ಕಟ್ಟುವುದು. ಎರಡನೆಯದಾಗಿ ನೆನಪಾಗುವುದು ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ. ಮೂರನೆಯದು ಗಿಯಾನ್-ಬಾರೆ ಎಂಬ ನರಗಳ ಕಾಯಿಲೆ, ನಾಲ್ಕನೆಯದು ಮಯಸ್ತೀನಿಯಾ ಎಂಬ ಸ್ನಾಯು ಸೋಲುವ ಕಾಯಿಲೆ. ಬಾಟುಲಿಸಂ ಈ ಸಾಲಿನ ಕೊನೆಯಲ್ಲಿ, ಬಂದರೆ ಬಂತು. ಇದರಲ್ಲಿ ವೈದ್ಯರ ತಪ್ಪೇನೂ ಇಲ್ಲ. ವರ್ಷಕ್ಕೆ ಹತ್ತಾರು ಹಾವು ಕಡಿತ ನೋಡುವವರು ಜೀವಮಾನದಲ್ಲಿ ಒಂದೂ ಬಾಟುಲಿಸಂ ನೋಡದೆ ಇರುವ ಸಾಧ್ಯತೆಯೇ ಹೆಚ್ಚು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಹೆಜ್ಜೆ. ಹಾವು ಕಡಿತದ ಗುರುತು ಸಿಗದ, ಪ್ರತಿವಿಷಕ್ಕೆ ಜಗ್ಗದ ರೆಪ್ಪೆ ಜೋತ ರೋಗಿಗಳನ್ನು ಬೇರೆಯಾಗಿ ಎಣಿಸತೊಡಗಿದರೆ ಅದೇ ದಾಖಲೆಯಿಂದ ಇನ್ನೂ ಹೆಚ್ಚಿನ ಪ್ರಯೋಜನ ಸಿಗುತ್ತದೆ.

ವ್ಯತ್ಯಾಸ ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಕೀಟನಾಶಕದಿಂದ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ. ಬಾಟುಲಿಸಂನಲ್ಲಿ ಇದೆಲ್ಲ ತಿರುವುಮುರುವು: ಒಣ ಬಾಯಿ, ಅಗಲವಾದ ಪಾಪೆ, ಕಟ್ಟಿದ ಮಲ. ಗಿಯಾನ್-ಬಾರೆಯಲ್ಲಿ ನಿತ್ರಾಣ ಹೆಚ್ಚಾಗಿ ಕಾಲಿನಿಂದ ಮೇಲೇರುತ್ತದೆ, ಇಲ್ಲಿ ಕಣ್ಣಿನಿಂದ ಕೆಳಗಿಳಿಯುತ್ತದೆ. ಒಂದೇ ಪಂಕ್ತಿಯಲ್ಲಿ ಉಂಡ ಇಬ್ಬರು ಮೂವರಿಗೆ ಒಟ್ಟಿಗೆ ರೆಪ್ಪೆ ಜೋತರೆ ಹಾವನ್ನು ಹುಡುಕುವ ಬದಲು ಅಡುಗೆಮನೆಯನ್ನು ಹುಡುಕಬೇಕು.

ಪಂಕ್ತಿಯ ಮಾತು ಬಂದಾಗ ಥಾಯ್ಲೆಂಡಿನ ನಾನ್ ಪ್ರಾಂತ್ಯವನ್ನು ನೆನೆಯಲೇಬೇಕು. 2006ರ ಮಾರ್ಚ್‌ನಲ್ಲಿ ಅಲ್ಲಿನ ಬಾನ್ ಲುವಾಂಗ್‌ನಲ್ಲಿ ಬೌದ್ಧ ಗುಡಿಯ ಉತ್ಸವ ನಡೆಯಿತು. ಊರಿನ ಹೆಣ್ಣುಮಕ್ಕಳು ತಗಡಿನ ಡಬ್ಬಿಗಳಲ್ಲಿ ಕುದಿಸಿ ಮುಚ್ಚಿಟ್ಟಿದ್ದ ಎಳೆ ಬಿದಿರನ್ನು ಬಡಿಸಿದರು. ಬಿದಿರಿನಲ್ಲಿ ಹುಳಿ ಇಲ್ಲ, ಡಬ್ಬಿಯಲ್ಲಿ ಗಾಳಿ ಇಲ್ಲ. 209 ಜನ ಕಾಯಿಲೆ ಬಿದ್ದರು. 42 ಜನರಿಗೆ ಕೃತಕ ಉಸಿರಾಟದ ಯಂತ್ರ ಬೇಕಾಯಿತು. ಒಂದು ಗುಡ್ಡಗಾಡು ಪ್ರಾಂತ್ಯದಲ್ಲಿ ಅಷ್ಟು ವೆಂಟಿಲೇಟರ್‌ಗಳನ್ನು ಹೊಂದಿಸಿದರು, ಉಳಿದ ರೋಗಿಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಸಾಗಿಸಿದರು, ಹೊರದೇಶಗಳಿಂದ ಪ್ರತಿವಿಷ ತರಿಸಿದರು. ಒಬ್ಬರೂ ಸಾಯಲಿಲ್ಲ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ, ಕೂಡಲಸಂಗಮದ ದಾಸೋಹಕ್ಕೆ ಸೇರುವ ಜನಸಾಗರವನ್ನು ಕಂಡವರಿಗೆ ನಾನ್ ಪ್ರಾಂತ್ಯದ ಕಥೆ ದೂರದ್ದೆನಿಸದು. ಅಂದಂದೇ ಬೇಯಿಸಿ ಅಂದಂದೇ ಬಡಿಸುವ ದಾಸೋಹದ ಪದ್ಧತಿ ಈ ಅಪಾಯದಿಂದ ಬಹುಮಟ್ಟಿಗೆ ದೂರ. ನೂರಾರು ಜನಕ್ಕಾಗಿ ವಾರ ಮೊದಲೇ ತಯಾರಿಸಿ ಮುಚ್ಚಿಟ್ಟ ಹುಳಿಯಿಲ್ಲದ ಪದಾರ್ಥ ಪಂಕ್ತಿಗೆ ಬಂದ ದಿನ ಲೆಕ್ಕ ಬದಲಾಗುತ್ತದೆ.

ಉಳ್ಳಾಗಡ್ಡಿ ಬೆಳೆಯುವ ಜಿಲ್ಲೆಯವರು ಕೇಳಬೇಕಾದ ಇನ್ನೊಂದು ಘಟನೆ ಅಮೆರಿಕದ ಪಿಯೋರಿಯಾ ಪಟ್ಟಣದ್ದು. 1983ರ ಅಕ್ಟೋಬರ್‌ನಲ್ಲಿ ಅಲ್ಲಿನ ಹೋಟೆಲೊಂದರಲ್ಲಿ ಉಂಡ 28 ಜನ ಆಸ್ಪತ್ರೆ ಸೇರಿದರು. ಕಾರಣ ಹುರಿದ ಉಳ್ಳಾಗಡ್ಡಿ. ಬೆಳಿಗ್ಗೆ ಹುರಿದು, ಜಿಡ್ಡಿನಲ್ಲಿ ಮುಳುಗಿಸಿ, ಒಲೆಯ ಪಕ್ಕ ಬೆಚ್ಚಗೆ ಇಟ್ಟು ದಿನವಿಡೀ ಬಳಸುತ್ತಿದ್ದರು. ಮಣ್ಣಿನಿಂದ ಬಂದ ಬೀಜಾಣು ಗಡ್ಡೆಯ ಮೇಲಿತ್ತು, ಹುರಿಯುವ ಬಿಸಿಗೆ ಸಾಯಲಿಲ್ಲ, ಮೇಲಿನ ಜಿಡ್ಡು ಗಾಳಿಯನ್ನು ತಡೆಯಿತು. ಎರಡು ವರ್ಷದ ನಂತರ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಗೆ ತುಂಬಿ, ಫ್ರಿಜ್‌ನ ಹೊರಗೆ ಇಟ್ಟ ಹೆಚ್ಚಿದ ಬೆಳ್ಳುಳ್ಳಿಯಿಂದ 36 ಜನ ಕಾಯಿಲೆ ಬಿದ್ದರು.

ಹಳೆಯ ಬೇಲಿಯಲ್ಲಿ ಕಿಂಡಿ ಬೀಳುತ್ತಿರುವುದು ಇಂಥ ಕಡೆಯೇ. ಕೆಂಪು ಖಾರವನ್ನು ಲಿಂಬಿಹುಳಿ ಹಿಂಡದೆ, ಉಪ್ಪು ಕಮ್ಮಿ ಮಾಡಿ, ಮೇಲೆ ಎಣ್ಣೆ ನಿಲ್ಲುವಂತೆ ಬಾಟಲಿಗೆ ಒತ್ತಿ ತುಂಬಿದರೆ ಅದು ಅಜ್ಜಿಯ ಕಾಲದ ಖಾರವಲ್ಲ. ರಕ್ತದೊತ್ತಡದವರು ಉಪ್ಪು ಕಮ್ಮಿ ತಿನ್ನಬೇಕು ನಿಜ; ಆದರೆ ಭರಣಿಯಲ್ಲಿ ತಿಂಗಳು ಇಡುವ ಪದಾರ್ಥಕ್ಕೆ ಉಪ್ಪು ಕಮ್ಮಿ ಮಾಡುವುದು ಅದಕ್ಕೆ ದಾರಿಯಲ್ಲ, ತಟ್ಟೆಗೆ ಹಾಕಿಕೊಳ್ಳುವುದನ್ನು ಕಮ್ಮಿ ಮಾಡಬೇಕು. ಹಸಿ ಬೆಳ್ಳುಳ್ಳಿ-ಶುಂಠಿ ಪೇಸ್ಟ್, ಬೇಯಿಸಿದ ಕಾಳು, ಪಲ್ಯ, ಎಣ್ಣೆಗಾಯಿ ಇವನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೆಂಗಳೂರಿಗೋ ಪುಣೆಗೋ ಓದುವ ಮಕ್ಕಳಿಗೆ ಬಸ್ಸಿನಲ್ಲಿ ಕಳಿಸುವ ರೂಢಿ ಬಂದಿದೆ. ಗಾಳಿ ತೆಗೆದ ಚೀಲ ಬೂಷ್ಟನ್ನು ತಡೆಯುತ್ತದೆ, ಬಾಟುಲಿನಂಗೆ ಅನುಕೂಲವನ್ನೇ ಮಾಡಿಕೊಡುತ್ತದೆ. ಅಂಥ ಪದಾರ್ಥ ಸದಾ ತಣ್ಣಗೆ ಇರಬೇಕು, ತಿನ್ನುವ ಮೊದಲು ಚೆನ್ನಾಗಿ ಕುದಿಯಬೇಕು. ಉಬ್ಬಿದ ಡಬ್ಬಿ, ಉಬ್ಬಿದ ಚೀಲವನ್ನು ರುಚಿ ನೋಡಲೂ ಬಾರದು. 2008ರಲ್ಲಿ ಬಾಗಲಕೋಟೆಯಲ್ಲೇ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾಗಿದೆ. ರೊಟ್ಟಿ-ಚಟ್ನಿ ಮಾರುವ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ಆಮ್ಲೀಯತೆ ಅಳೆಯುವ ಕಾಗದದ ಪಟ್ಟಿಯನ್ನು ಕೈಗೆ ಕೊಟ್ಟು ಕಲಿಸುವ ಕೆಲಸಕ್ಕೆ ಅದಕ್ಕಿಂತ ಸರಿಯಾದ ಜಾಗ ಬೇರೆ ಸಿಗದು.

ಇಲ್ಲಿಯವರೆಗಿನ ನಿಯಮಗಳೆಲ್ಲ ದೊಡ್ಡವರ ಹೊಟ್ಟೆಗೆ. ಎಳೆಗೂಸಿನ ವಿಷಯದಲ್ಲಿ ಅವು ನಡೆಯುವುದಿಲ್ಲ.

ಕೂಸು ಹುಟ್ಟಿದ ಕೂಡಲೆ ಹಿರಿಯರೊಬ್ಬರು ಬೆರಳಿಗೆ ಜೇನುತುಪ್ಪ ಹಚ್ಚಿಕೊಂಡು ನಾಲಿಗೆಗೆ ಸವರುವ ವಾಡಿಕೆ ಈ ಭಾಗದ ಎಷ್ಟೋ ಮನೆಗಳಲ್ಲಿದೆ. “ಒಂದ್ ಹನಿ ನೆಕ್ಕಿಸಿದ್ರ ಏನಾಗ್ತದ, ಮಾತು ಸಿಹಿ ಆಗ್ತಾವು” ಎನ್ನುವ ಅಜ್ಜಿಯ ಮಾತಿನಲ್ಲಿ ಪ್ರೀತಿಯೇ ತುಂಬಿರುತ್ತದೆ. ಜೇನುತುಪ್ಪ ಎಷ್ಟು ಗಟ್ಟಿಯೆಂದರೆ ಅದರಲ್ಲಿ ಬಾಟುಲಿನಂ ಬೆಳೆಯಲಾರದು, ಆದರೆ ಬೀಜಾಣು ಅದರಲ್ಲಿ ಸುಮ್ಮನೆ ಕಾದು ಕೂಡಬಲ್ಲದು. ಬಾದಾಮಿಯ ಬಂಡೆಗಳಿಂದ ಇಳಿಸಿದ ಶುದ್ಧ ಹೆಜ್ಜೇನು ಎಂಬುದರಿಂದ ಈ ಮಾತು ಬದಲಾಗುವುದಿಲ್ಲ, ಅಂಗಡಿಯ ಬಾಟಲಿ ಎಂಬುದರಿಂದಲೂ ಬದಲಾಗುವುದಿಲ್ಲ. ದೊಡ್ಡವರ ಕರುಳಿನಲ್ಲಿ ಬೇರೂರಿದ ಕೋಟ್ಯಂತರ ಒಳ್ಳೆಯ ಜೀವಿಗಳು ಈ ಬೀಜಾಣುವನ್ನು ಮೊಳೆಯಲು ಬಿಡುವುದಿಲ್ಲ. ವರ್ಷ ತುಂಬದ ಕೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಬಂದಿರುವುದಿಲ್ಲ. ಬೀಜಾಣು ಅಲ್ಲೇ ಮೊಳೆತು, ಅಲ್ಲೇ ವಿಷ ತಯಾರಿಸುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯರು ಇದನ್ನು ಮೊದಲ ಬಾರಿಗೆ ಬೇರೆ ಬಗೆಯ ಬಾಟುಲಿಸಂ ಎಂದು ಗುರುತಿಸಿದರು. ಆರು ತಿಂಗಳೊಳಗಿನ ಕೂಸುಗಳಲ್ಲೇ ಇದು ಹೆಚ್ಚು.

ಮೊದಲು ಮಲ ಕಟ್ಟುತ್ತದೆ. ಮೂರು ದಿನ, ನಾಲ್ಕು ದಿನ. ಮನೆಯವರು ಹರಳೆಣ್ಣೆಯ ಮಾತಾಡುತ್ತಾರೆ. ಆಮೇಲೆ ಕೂಸು ಮೊಲೆ ಚೀಪುವುದು ಕಮ್ಮಿಯಾಗುತ್ತದೆ, ಅಳು ಸಣ್ಣಗಾಗುತ್ತದೆ, ಮುಖದಲ್ಲಿ ನಗು-ಅಳುವಿನ ಗೆರೆ ಮೂಡುವುದಿಲ್ಲ, ರೆಪ್ಪೆ ಇಳಿಯುತ್ತದೆ, ಎತ್ತಿಕೊಂಡರೆ ಕುತ್ತಿಗೆ ಹಿಂದಕ್ಕೆ ಬೀಳುತ್ತದೆ. “ಕೂಸು ಭಾಳ ಶಾಂತ ಐತಿ” ಎಂದು ಮನೆಯವರು ಸಮಾಧಾನಪಡುವ ಆ ದಿನಗಳೇ ಆಸ್ಪತ್ರೆಗೆ ಓಡಬೇಕಾದ ದಿನಗಳು. ಎಳೆಗೂಸುಗಳ ಬಾಟುಲಿಸಂನಲ್ಲಿ ಜೇನುತುಪ್ಪದ ಪಾಲು ಸಣ್ಣದು. ಬಹಳಷ್ಟು ಪ್ರಕರಣಗಳಲ್ಲಿ ಬೀಜಾಣು ಧೂಳಿನಿಂದಲೇ ಬಂದಿರುತ್ತದೆ. ಧೂಳನ್ನು ತಡೆಯುವುದು ಬಾಗಲಕೋಟೆಯಲ್ಲಿ ಯಾರಿಂದಲೂ ಆಗದ ಕೆಲಸ. ಜೇನುತುಪ್ಪವನ್ನು ತಡೆಯುವುದು ಎಲ್ಲರ ಕೈಯಲ್ಲಿದೆ. ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋದಾಗ ಹೇಳುವ ಮಾತುಗಳಲ್ಲಿ ಇದು ಮೊದಲ ಸಾಲಿನಲ್ಲೇ ಇರಬೇಕು, ಅದನ್ನು ಬಾಣಂತಿಗಷ್ಟೇ ಅಲ್ಲ, ತೊಟ್ಟಿಲ ಪಕ್ಕ ಕೂತ ಆಯಿಗೂ ಕೂಡಿಸಿ ಹೇಳಬೇಕು. ಮನೆಯಲ್ಲಿ ತೀರ್ಮಾನ ಮಾಡುವವರು ಅವರು.

ಇಂಥ ಕೂಸು ಆಸ್ಪತ್ರೆಗೆ ಬಂದಾಗ ಚಿಕಿತ್ಸೆಯೇ ಅಪಾಯ ತರುವ ಒಂದು ತಿರುವಿದೆ. ಸಪ್ಪೆಯಾಗಿ, ಹಾಲು ಬಿಟ್ಟು ಬಂದ ಎಳೆಗೂಸಿಗೆ ರಕ್ತದ ಸೋಂಕು ಇರಬಹುದೆಂದು ಊಹಿಸಿ ಆ್ಯಂಟಿಬಯಾಟಿಕ್ ಶುರು ಮಾಡುವುದು ಎಲ್ಲೆಡೆಯ ಕ್ರಮ, ಸರಿಯಾದ ಕ್ರಮ. ಅದರಲ್ಲಿ ಬಹಳ ಬಳಕೆಯಾಗುವುದು ಜೆಂಟಮೈಸಿನ್. ಆ ಗುಂಪಿನ ಔಷಧಗಳು ನರ-ಸ್ನಾಯುಗಳ ಸಂಪರ್ಕವನ್ನು ತಾವೂ ಅಷ್ಟಿಷ್ಟು ದುರ್ಬಲಗೊಳಿಸುತ್ತವೆ. ಬಾಟುಲಿಸಂ ಇರುವ ಕೂಸಿಗೆ ಅದನ್ನು ಕೊಟ್ಟರೆ ಉಸಿರಾಟ ಥಟ್ಟನೆ ನಿಲ್ಲಬಹುದು. ಮೆಗ್ನೀಷಿಯಂ ಇರುವ ಔಷಧಗಳಿಗೂ ಇದೇ ಮಾತು. ಮಲ ಕಟ್ಟಿದೆಯೇ, ರೆಪ್ಪೆ ಇಳಿದಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಮೊದಲೇ ಕೇಳಿಕೊಂಡರೆ ವೈದ್ಯರಿಗೆ ಬೇರೆ ಔಷಧ ಆರಿಸಿಕೊಳ್ಳಲು ಅವಕಾಶವಿರುತ್ತದೆ.

ಪೋಲಿಯೊ ಕಾವಲಿಗಾಗಿ ಹದಿನೈದು ವರ್ಷದೊಳಗಿನ ಯಾವ ಮಗುವಿಗೆ ಹಠಾತ್ತಾಗಿ ಕೈಕಾಲು ಸೋತರೂ ವರದಿ ಮಾಡುವ, ಮಲದ ಎರಡು ಮಾದರಿಗಳನ್ನು ತಣ್ಣಗಿಟ್ಟು ಪ್ರಯೋಗಾಲಯಕ್ಕೆ ಕಳಿಸುವ ಪದ್ಧತಿ ದೇಶದಲ್ಲಿ ಗಟ್ಟಿಯಾಗಿ ನೆಲೆನಿಂತಿದೆ. ಹುನಗುಂದದ ಹಳ್ಳಿಯ ಮಗುವಿನ ಮಾದರಿಯೂ ಈ ಜಾಲದ ಮೂಲಕ ಹೋಗುತ್ತದೆ. ಅಲ್ಲಿ ಹುಡುಕುವುದು ಪೋಲಿಯೊ ವೈರಸ್ಸನ್ನು. ಅದು ಇಲ್ಲವೆಂದು ಬಂದ ಎಳೆಗೂಸುಗಳ ಮಾದರಿಯಲ್ಲಿ ಬಾಟುಲಿನಂ ವಿಷವನ್ನೂ ಹುಡುಕುವ ಏರ್ಪಾಡು ಆದರೆ, ಹೊಸ ಜಾಲ ಕಟ್ಟುವ ಖರ್ಚಿಲ್ಲದೆ ಈ ಕಾಯಿಲೆಯ ನಿಜವಾದ ಪ್ರಮಾಣ ಗೊತ್ತಾಗಬಹುದು.

ಇನ್ನು ಸೂಜಿ. ಈ ವಿಷವೇ ಔಷಧವಾಗಬಹುದೆಂದು ಕೆರ್ನರ್ ಊಹಿಸಿದ್ದನ್ನು ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ನಿಜ ಮಾಡಿದರು. ಮೆಳ್ಳಗಣ್ಣಿನ ಎಳೆದ ಸ್ನಾಯುವಿಗೆ ಈ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ ಸಡಿಲಗೊಳಿಸಿದರು. 1989ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧದ ಮನ್ನಣೆ ಸಿಕ್ಕಿತು. ಪಾರ್ಶ್ವವಾಯುವಿನ ನಂತರ ಸೆಟೆದ ಕೈ, ಮಿದುಳಿನ ತೊಂದರೆಯಿಂದ ತುದಿಗಾಲಲ್ಲಿ ನಡೆಯುವ ಮಗು, ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಕಣ್ಣು, ಒಂದೇ ಕಡೆ ತಿರುಗಿ ನಿಲ್ಲುವ ಕುತ್ತಿಗೆ, ಇವಕ್ಕೆಲ್ಲ ಇಂದು ಈ ಔಷಧ ದೊಡ್ಡ ಆಸರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಇದರ ಪ್ರಯೋಜನ ಪಡೆದವರಿದ್ದಾರೆ. ತಿಳಿದವರ ಕೈಯಲ್ಲಿ, ಅಳತೆಯಲ್ಲಿ, ಶೈತ್ಯ ಕಾಯ್ದ ಅಸಲಿ ಬಾಟಲಿಯಿಂದ ಕೊಟ್ಟರೆ ಇದು ಭಯಪಡುವ ಔಷಧವಲ್ಲ. ಮಗುವಿಗೆ ಬೇಕೆಂದು ವೈದ್ಯರು ಹೇಳಿದಾಗ ‘ವಿಷ’ ಎಂಬ ಮಾತು ಕೇಳಿ ತಂದೆತಾಯಿ ಹಿಂದೆ ಸರಿಯಬಾರದು.

ಅಪಾಯವಿರುವುದು ಮುಖದ ಸುಕ್ಕು ತೆಗೆಯುವ, ತೂಕ ಇಳಿಸುವ ಹೆಸರಿನ ಅಗ್ಗದ ಚುಚ್ಚುಮದ್ದಿನಲ್ಲಿ. 2004ರ ನವೆಂಬರಿನಲ್ಲಿ ಫ್ಲಾರಿಡಾದಲ್ಲಿ ಸುಕ್ಕಿಗೆಂದು ಚುಚ್ಚಿಸಿಕೊಂಡ ನಾಲ್ವರು ಮೈಯೆಲ್ಲ ನಿತ್ರಾಣವಾಗಿ ಆಸ್ಪತ್ರೆ ಸೇರಿದರು. ಚುಚ್ಚಿದ್ದು ಮನುಷ್ಯರಿಗಾಗಿ ತಯಾರಿಸಿದ್ದೇ ಅಲ್ಲದ, ಪ್ರಯೋಗಾಲಯದ ಬಳಕೆಯ ಸಾಂದ್ರ ವಿಷ. 2023ರ ಫೆಬ್ರುವರಿ-ಮಾರ್ಚ್‌ನಲ್ಲಿ ಟರ್ಕಿಯ ಆಸ್ಪತ್ರೆಗಳಲ್ಲಿ ತೂಕ ಇಳಿಸಲು ಜಠರದ ಗೋಡೆಗೆ ಈ ಔಷಧ ಚುಚ್ಚಿಸಿಕೊಂಡ 80ಕ್ಕೂ ಹೆಚ್ಚು ಜನರಿಗೆ ಬಾಟುಲಿಸಂ ಬಂತು. ಅವರಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಿಂದ ಚಿಕಿತ್ಸೆಗೆಂದೇ ಹೋದವರಿದ್ದರು. 2025ರ ಜೂನ್-ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಸೌಂದರ್ಯದ ಚುಚ್ಚುಮದ್ದಿನಿಂದ 38 ಪ್ರಕರಣಗಳು ವರದಿಯಾದವು. ಹೊಟ್ಟೆಯ ಹುಳಿ, ಒಲೆಯ ಬಿಸಿ, ಉಪ್ಪು, ಒಣಬಿಸಿಲು ಯಾವುದೂ ಸೂಜಿಯ ದಾರಿಯಲ್ಲಿ ಅಡ್ಡ ಬರುವುದಿಲ್ಲ. ಮದುವೆಯ ಹಂಗಾಮಿನಲ್ಲಿ ಬ್ಯೂಟಿ ಪಾರ್ಲರ್‌ನ ಕುರ್ಚಿಯಲ್ಲಿ ಕೂತು, ಔಷಧದ ಹೆಸರು ನೋಡದೆ, ಚುಚ್ಚುವವರ ವಿದ್ಯೆ ಕೇಳದೆ ಮುಖ ಒಡ್ಡುವುದನ್ನು ಯಾವ ರಿಯಾಯಿತಿಯೂ ಸಮರ್ಥಿಸದು.

ಈ ಜೀವಿಯ ಬಂಧುಬಳಗ ಈ ಸೀಮೆಗೆ ಹೊಸದಲ್ಲ. ಬಾದಾಮಿಯ ಗುಡ್ಡದಲ್ಲಿ ಕುರಿ ಕಾಯುವವರಿಗೆ ಮಳೆ ಬಿದ್ದು ಹಸಿಹುಲ್ಲು ಬಂದಾಗ ಕುರಿಗಳಿಗೆ ಬರುವ ಕರುಳುಬೇನೆ ಗೊತ್ತು, ದನಕ್ಕೆ ಬರುವ ಚಪ್ಪೆಬೇನೆ ಗೊತ್ತು. ಎರಡೂ ಕ್ಲಾಸ್ಟ್ರಿಡಿಯಂ ಕುಲದವೇ. ಬಸುರಿಯರಿಗೆ ಚುಚ್ಚುಮದ್ದು ಹಾಕಿಸಿ ದೂರವಿಟ್ಟ ಧನುರ್ವಾಯುವೂ ಆ ಕುಲದ್ದೇ. ಬಾಟುಲಿಸಂ ಹಕ್ಕಿಗಳನ್ನೂ ಬಿಡುವುದಿಲ್ಲ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18 ಸಾವಿರಕ್ಕೂ ಹೆಚ್ಚು ವಲಸೆ ಹಕ್ಕಿಗಳು ಇದರಿಂದ ಸತ್ತವು. ಸತ್ತ ಹಕ್ಕಿಯ ಮೈಯಲ್ಲಿ ಹುಟ್ಟಿದ ಹುಳುಗಳಲ್ಲಿ ವಿಷ ಸೇರುತ್ತದೆ, ಆ ಹುಳುಗಳನ್ನು ತಿಂದ ಹಕ್ಕಿ ಸಾಯುತ್ತದೆ. ಆಲಮಟ್ಟಿ ಹಿನ್ನೀರಿಗೆ ಬರುವ ರಾಜಹಂಸಗಳನ್ನು ಕಾಯುವವರು ರೆಕ್ಕೆ ಜೋತ ಹಕ್ಕಿ, ಕುತ್ತಿಗೆ ನೆಟ್ಟಗೆ ನಿಲ್ಲದ ಹಕ್ಕಿ ಕಂಡರೆ ಅಂದೇ ಪಶುವೈದ್ಯರಿಗೆ ತಿಳಿಸಬೇಕು, ಸತ್ತವನ್ನು ಬೇಗ ಹೂಳಬೇಕು.

ಚಿಕಿತ್ಸೆಯ ವಿಷಯದಲ್ಲಿ ಗಡಿಯಾರವೇ ಮುಖ್ಯ. ಕುದುರೆಯ ರಕ್ತದಿಂದ ತಯಾರಿಸುವ ಪ್ರತಿವಿಷ ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿಯಬಲ್ಲದು, ಆಗಲೇ ಸೋತ ಸ್ನಾಯುವನ್ನು ಏಳಿಸಲಾರದು. ಹಾವಿನ ಪ್ರತಿವಿಷದ ಹಾಗೆ ಅದು ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ಸಿಗುವ ಔಷಧವಲ್ಲ. ಹೀಗಾಗಿ ಇಲಕಲ್ಲಿನ, ಬಾದಾಮಿಯ ರೋಗಿಯನ್ನು ಬದುಕಿಸುವುದು ಹೆಚ್ಚಾಗಿ ವೆಂಟಿಲೇಟರ್ ಮತ್ತು ಅದರ ಪಕ್ಕ ವಾರಗಟ್ಟಲೆ ಎಚ್ಚರವಿರುವ ಶುಶ್ರೂಷಕಿಯರು. ನವನಗರದ ಜಿಲ್ಲಾ ಆಸ್ಪತ್ರೆಯೋ, ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೋ, ಯಾವುದು ಹತ್ತಿರವೋ ಅಲ್ಲಿಗೆ, ನುಂಗಲು ಆಗದಾದ ಹೊತ್ತಿನಲ್ಲೇ ಹೊರಡಬೇಕು. ಉಸಿರು ಕಟ್ಟುವವರೆಗೆ ಕಾಯಬಾರದು. ದಾರಿಯಲ್ಲಿ ಬಾಯಿಗೆ ನೀರು, ಕಷಾಯ ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಉಂಡು ಉಳಿದದ್ದನ್ನು ತಿಪ್ಪೆಗೆ ಚೆಲ್ಲದೆ, ಡಬ್ಬಿ ಸಮೇತ ಚೀಲದಲ್ಲಿ ಕಟ್ಟಿ, ತಣ್ಣಗಿಟ್ಟು, ರೋಗಿಯ ಜೊತೆಯಲ್ಲೇ ಒಯ್ದು ವೈದ್ಯರ ಕೈಗೆ ಕೊಡಬೇಕು. ಅದೇ ಊಟ ಉಂಡ ಉಳಿದವರ ಹೆಸರನ್ನೂ ಆಗಲೇ ಬರೆಸಬೇಕು.